ಕೆಂಪು ಹಲ್ಲಿನ ಗಿಡ

ಚಳಿ ಹಿಂದೆಗೆಯುವ ಕಾಲ. ನೆರಳುಬಲೆಯ ಮೇಲೆ ಕೂತ ಇಬ್ಬನಿ ಇನ್ನೂ ಆರಿರಲಿಲ್ಲ, ನರ್ಸರಿಯಲ್ಲಿ ಆಗಲೇ ಕೆಲಸ ಹತ್ತಿಕೊಂಡಿತ್ತು. ತೊಟ್ಟಿಯ ಬಳಿ ಇಬ್ಬರು ಹೆಂಗಸರು ಹಳೆಯ ಕುಂಡಗಳನ್ನು ನೆನೆಹಾಕಿ ಉಜ್ಜುತ್ತಿದ್ದರು. ಗೋಡೆಯ ಬದಿಗೆ ಮರಳು, ಇಟ್ಟಿಗೆ ಚೂರು, ಇದ್ದಿಲು ಮೂರೂ ಬೇರೆಬೇರೆ ಗುಡ್ಡೆಯಾಗಿ ಬಿದ್ದಿದ್ದವು. ಕಳ್ಳಿ, ಲೋಳೆಸರದಂಥ ಗಿಡಗಳಿಗೆ ಮಣ್ಣು ಬದಲಾಯಿಸಲು ವರ್ಷದಲ್ಲಿ ಇದೊಂದೇ ಹದ. ಬಿಸಿಲು ಬಲಿತ ಮೇಲೆ ಬೇರು ಮುಟ್ಟಿದರೆ ಗಿಡ ಮುನಿಸಿಕೊಂಡುಬಿಡುತ್ತದೆ, ಆಮೇಲೆ ಯಾರು ರಮಿಸಿದರೂ ಕೇಳುವುದಿಲ್ಲ.

ಮರಳಿನ ಗುಡ್ಡೆಯ ಮುಂದೆ ಕಾಲು ನೀಡಿ ಕೂತು ಜರಡಿ ಹಿಡಿಯುತ್ತಿದ್ದವಳು ನರ್ಸರಿಯ ಒಡತಿಯೇ. ಅವಳಿಗೆ ಮುಳ್ಳಕ್ಕ ಎಂದು ಹೆಸರಿಟ್ಟವರು ವಾರದ ಗಿಡದ ಸಂತೆಯವರು. ಮಾರುವುದು ಮುಳ್ಳಿನ ಗಿಡ, ಆಡುವುದು ಮುಳ್ಳಿನ ಮಾತು. "ಗಿಡದ ಮುಳ್ಳಾದ್ರೆ ಚಿಮಟ ಹಾಕಿ ತೆಗೀಬಹುದು, ಅಕ್ಕಂದು ಒಳಗೇ ಮುರ್ಕೊಳ್ಳುತ್ತೆ" ಎಂದು ಸಂತೆಯಲ್ಲಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮೆಚ್ಚಿಕೆಯೆಂದೇ ತಿಳಿದಿದ್ದಳು.

ಜರಡಿಯ ಕೆಲಸ ಮೊದಲು ಅವಳದಾಗಿರಲಿಲ್ಲ. ಅಪ್ಪನ ಕಾಲದಿಂದ ಅದಕ್ಕೆ ಬೇರೆ ಹೆಂಗಸಿದ್ದಳು. ಮರಳನ್ನು ನುಣುಪು, ತರಿ, ದಪ್ಪ ಎಂದು ಬಿಡಿಸುವುದರಲ್ಲಿ ಎತ್ತಿದ ಕೈ. ಹಾಗಾಗಿ ಎಲ್ಲರ ಬಾಯಲ್ಲೂ ಜರಡಿಯಮ್ಮ. ಐದಾರು ವರ್ಷದ ಹಿಂದೆ ಮುಳ್ಳಕ್ಕ ತೊಟ್ಟಿಯ ಬಳಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಅವಳೊಂದಿಗೆ ಮಾತು ಬಿಟ್ಟಿದ್ದ ತಮ್ಮ ತಾನಾಗಿ ಬಂದು ಆ ವಾರವೆಲ್ಲ ನರ್ಸರಿ ನೋಡಿಕೊಂಡ. ಅವಳು ಕೈಗೆ ಪಟ್ಟಿ ಸುತ್ತಿಕೊಂಡು ಮರಳಿದಾಗ ಗಿಡಗಳೆಲ್ಲ ನೆಟ್ಟಗಿದ್ದವು, ಒಂದು ಮಾತ್ರ ಇರಲಿಲ್ಲ. ಕೆಂಪು ಹಲ್ಲಿನ ಗಿಡದ ಬುಡಕ್ಕೆ ಎಷ್ಟೋ ವರ್ಷದ ಮೇಲೆ ಬಂದಿದ್ದ ಒಂದೇ ಒಂದು ಮರಿಯನ್ನು ಯಾರೋ ಬೇರು ಸಮೇತ ಕಿತ್ತಿದ್ದರು.

ಅದೇ ವಾರ ಜರಡಿಯಮ್ಮನ ಮನೆಗೆ ಹೊಸ ಹೊಲಿಗೆ ಮಿಷಿನ್ ಬಂದಿತ್ತು. ಮುಳ್ಳಕ್ಕನಿಗೆ ಅಷ್ಟು ಸಾಕಾಯಿತು. ಸಂತೆಗೆ ಗಾಡಿ ತುಂಬುವ ಹೊತ್ತು, ಪಕ್ಕದ ನರ್ಸರಿಗಳವರೆಲ್ಲ ಗೇಟಿನಲ್ಲಿ ನಿಂತಿದ್ದರು. ಅವರೆಲ್ಲರ ಎದುರಿಗೇ ಕೇಳಿದಳು: "ಮರಿ ಮಾರಿದ್ದಕ್ಕೆ ಮಿಷಿನ್ ಬಂತೋ, ಮಿಷಿನ್ ಬೇಕು ಅಂತ ಮರಿ ಹೋಯ್ತೋ?"

"ಮಿಷಿನ್ನು ಮಗಳು ದುಡಿದು ತಗೊಂಡಿದ್ದು ಅಕ್ಕ. ಗಿಡ ನಾನು ಮುಟ್ಟಿಲ್ಲ."

ಜರಡಿಯಮ್ಮ ಇಷ್ಟನ್ನು ಒಂದೇ ಸಲ ಹೇಳಿದಳು. ಎರಡನೆಯ ಸಲ ಕೇಳಿದಾಗ ಜರಡಿಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟುಹೋದಳು. ತಮ್ಮ ಅಲ್ಲೇ ಗಾಡಿಗೆ ಹಗ್ಗ ಬಿಗಿಯುತ್ತಿದ್ದವನು, "ಹೋಗ್ಲಿ ಬಿಡಕ್ಕ, ಒಂದು ಮರಿಗೆ ಇಷ್ಟೊಂದು ಯಾಕೆ" ಎಂದ. ಒಡಹುಟ್ಟಿದವನದು ದೊಡ್ಡ ಮನಸ್ಸು ಎಂದು ಮುಳ್ಳಕ್ಕ ಅಂದುಕೊಂಡಳು. ಆಮೇಲೆ ಸುತ್ತಮುತ್ತಲ ಯಾವ ನರ್ಸರಿಯೂ ಜರಡಿಯಮ್ಮನನ್ನು ಕೆಲಸಕ್ಕೆ ಕರೆಯಲಿಲ್ಲ. ಹಳೇ ಬಾಟಲಿ ಕೊಳ್ಳುವ ಗೋದಾಮಿನಲ್ಲಿ ಬಾಟಲಿ ತೊಳೆಯುತ್ತಾಳೆ ಎಂದು ಯಾರೋ ಹೇಳಿದ್ದರು.

ಆ ಕೆಂಪು ಹಲ್ಲಿನ ಗಿಡವೆಂದರೆ ಲೋಳೆಸರದಲ್ಲೇ ಒಂದು ಅಪರೂಪದ ಜಾತಿ. ಬೇರೆ ಲೋಳೆಸರಕ್ಕೆ ಎಲೆಯ ಅಂಚಿನಲ್ಲಷ್ಟೇ ಮುಳ್ಳು, ಇದಕ್ಕೆ ಎಲೆಯ ಹೊಟ್ಟೆ, ಬೆನ್ನು ಎಲ್ಲೆಲ್ಲೂ. ನೆಲಕ್ಕೆ ಅಂಟಿಕೊಂಡು, ಎಲೆಗಳನ್ನು ಒಳಮುಖವಾಗಿ ಮಡಿಸಿಕೊಂಡು, ಮುಷ್ಟಿ ಬಿಗಿದ ಹಾಗೆ ಬೆಳೆಯುತ್ತದೆ. ಅಪ್ಪ ಯಾರಿಂದಲೋ ನಾಲ್ಕು ಬೀಜ ಬೇಡಿ ತಂದು ಮೊಳೆಸಿದ್ದರಲ್ಲಿ ಎರಡು ಬದುಕಿದ್ದವು. ಒಂದರ ಮುಳ್ಳಿನ ತುದಿ ಇಟ್ಟಿಗೆಯ ಕೆಂಪು, ಇನ್ನೊಂದರದು ಪೂರ್ತಿ ಬಿಳಿ. ಅಪ್ಪ ಮುಳ್ಳು ಎನ್ನುತ್ತಿರಲಿಲ್ಲ, ಹಲ್ಲು ಎನ್ನುತ್ತಿದ್ದ. ಈ ಗಿಡ ಚಳಿಯಲ್ಲಿ ಬೆಳೆದು ಬೇಸಿಗೆಯಲ್ಲಿ ನಿದ್ದೆ ಹೋಗುತ್ತದೆ. "ಬಿಸಿಲಲ್ಲಿ ಇದು ಸತ್ತ ಹಾಗೆ ನಟಿಸುತ್ತೆ. ಅಯ್ಯೋ ಪಾಪ ಅಂತ ನೀರು ಹಾಕಿದ್ರೋ, ನಿಜವಾಗಿ ಸಾಯುತ್ತೆ" ಎನ್ನುತ್ತಿದ್ದ. ಇದರ ಹೂವಿಗೆ ಇದರದೇ ಹೂಪುಡಿ, ಅಂದರೆ ಪರಾಗ, ಹತ್ತುವುದಿಲ್ಲ. ಬುಡದಿಂದ ಕಿತ್ತ ಮರಿಯೂ ತಾಯಿಯ ತುಂಡೇ ಆದ್ದರಿಂದ ಅದರ ಪುಡಿಯೂ ಆಗದು. ಕೆಂಪು ಹಲ್ಲಿನದಕ್ಕೆ ಬಿಳಿ ಹಲ್ಲಿನದೇ ಬೇಕು, ಬಿಳಿಯದಕ್ಕೆ ಕೆಂಪಿನದೇ ಬೇಕು. ಹಾಗಿದ್ದರೆ ಮಾತ್ರ ಬೀಜ.

ನರ್ಸರಿಯನ್ನು ಮಕ್ಕಳಿಗೆ ಭಾಗ ಮಾಡಿದಾಗ ಅಪ್ಪ ಬೇಕೆಂದೇ ಜೋಡಿಯನ್ನು ಒಡೆದ. ಕೆಂಪು ಹಲ್ಲಿನದನ್ನು ಮಗಳಿಗೆ ಕೊಟ್ಟ, ಬಿಳಿ ಹಲ್ಲಿನದನ್ನು ಮಗನಿಗೆ. "ಇಬ್ಬರೂ ಎತ್ತು ಏರಿಗೆ, ಕೋಣ ನೀರಿಗೆ. ನಾನು ಹೋದ ಮೇಲೆ ಮುಖ ನೋಡಲ್ಲ ನೀವು. ಹೂ ಬಿಟ್ಟಾಗಲಾದ್ರೂ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗಿ ನಿಲ್ಲಬೇಕು. ಕೇಳಿದವರಿಗೆ ಇಲ್ಲ ಅನ್ನಬಾರದು" ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡ. ಬೀಜಕ್ಕಿಂತ ಆ ಬಾಗಿಲೇ ಅವನಿಗೆ ಮುಖ್ಯವಾಗಿತ್ತು. ಆದರೆ ಎರಡು ಗಿಡವೂ ಒಟ್ಟಿಗೆ ಹೂ ಬಿಟ್ಟ ವರ್ಷ ಬರಲೇ ಇಲ್ಲ, ಮಾತು ಹಾಗೇ ಉಳಿದಿತ್ತು.

ಈ ವರ್ಷ ಮುಳ್ಳಕ್ಕನ ಗಿಡ ಹೂವಿನ ಗೊನೆ ಎತ್ತಿತ್ತು. ಎತ್ತಿದ್ದು ಸಂತೋಷಕ್ಕಲ್ಲ. ಬುಡದಲ್ಲಿ ಕೊಳೆ ಹಿಡಿದಿತ್ತು. ಕೊಳೆತದ್ದನ್ನು ಕೆತ್ತಿ, ಇದ್ದಿಲ ಪುಡಿ ಮೆತ್ತಿ, ಗಾಳಿಗಿಟ್ಟರೂ ಅದು ಒಳಗೊಳಗೇ ಏರುತ್ತಿತ್ತು. ಸಾಯುವ ಗಿಡ ಹೂ ಬಿಡುತ್ತದೆ, ಮರಿ ಹಾಕುತ್ತದೆ. ಇದು ಎರಡನ್ನೂ ಮಾಡಿತ್ತು. ಬುಡದ ಇನ್ನೊಂದು ಮಗ್ಗುಲಲ್ಲಿ ಹೆಬ್ಬೆರಳ ಗಾತ್ರದ ಮರಿಯೊಂದು ತಲೆಯೆತ್ತಿತ್ತು. ಮರಿ ಇರಲಿ, ಅದು ತಾಯಿಗಿಡವೇ ಇನ್ನೊಮ್ಮೆ. ಮುಳ್ಳಕ್ಕನಿಗೆ ಬೀಜ ಬೇಕಿತ್ತು. ಅಪ್ಪನ ಎರಡು ಗಿಡದ ರಕ್ತ ಬೆರೆತ ಒಂದು ಪಾತಿ ಸಸಿಯಾದರೂ ಕಣ್ಣೆದುರು ಏಳಬೇಕೆಂಬುದು ಅವಳಿಗೆ ಉಳಿದಿದ್ದ ಒಂದೇ ಆಸೆ.

ತಮ್ಮನ ಗಿಡವೂ ಹೂ ಬಿಟ್ಟಿದೆಯೆಂದು ಸಂತೆಯಲ್ಲಿ ಗೊತ್ತಾಯಿತು. ಅವಳು ಹೇಳಿ ಕಳಿಸಿದ ಮಾರನೆಯ ದಿನವೇ ಕಾಗದದ ಪೊಟ್ಟಣ ಹಿಡಿದು ಅವನೇ ಬಂದ. ಗೇಟಿನ ಒಳಗೆ ಒಂದೇ ಕಾಲಿಟ್ಟಿದ್ದ.

"ಕೂತ್ಕೋ."

"ಇಲ್ಲಕ್ಕ, ಗಾಡಿ ಹೊರಗೆ ನಿಲ್ಸಿದೀನಿ."

"ಗಾಡಿಗೇನು ಕಾಲು ಬರುತ್ತಾ? ಟೀ ಕುಡ್ಕೊಂಡು ಹೋಗು."

"ನಿನ್ನ ಟೀ ಕುಡಿದ್ರೆ ಜೊತೆಗೆ ಮಾತೂ ಕುಡೀಬೇಕು."

ಮುಳ್ಳಕ್ಕ ನಕ್ಕಳು. "ಗೊನೆ ಎಷ್ಟುದ್ದ ಬಂದಿದೆ ನಿಂದು? ಒಂದಿನ ಬಂದು ನೋಡ್ತೀನಿ."

"ಅದರಲ್ಲೇನಿದೆ ನೋಡೋದು. ಪುಡಿ ನಾನೇ ತಂದಿದೀನಲ್ಲ" ಎಂದು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ತಿರುಗಿ ನೋಡದೆ ಹೋದ.

ಮಾತು ಉಳಿಸಿಕೊಂಡನಲ್ಲ ಎಂದು ಅವಳಿಗೆ ಕಣ್ಣು ತುಂಬಿತು. ಗೊನೆಯಲ್ಲಿ ಹೂಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತವೆ. ಇಬ್ಬನಿ ಆರಿದ ಮೇಲೆ ಸಣ್ಣ ಕುಂಚದಿಂದ ಪೊಟ್ಟಣದ ಹಳದಿ ಪುಡಿಯನ್ನು ತೆಗೆದು, ಪ್ರತಿ ಹೂವಿನ ನಡುವಿನ ಜಿಗುಟು ನಾಲಿಗೆಗೂ ಸವರಿದಳು. ಇರುವೆ ಏರದಂತೆ ಕುಂಡವನ್ನು ನೀರಿನ ತಟ್ಟೆಯ ನಡುವೆ ಕಲ್ಲಿನ ಮೇಲಿಟ್ಟಳು. ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾಯಿ ಕಚ್ಚಿದರೆ ತೊಟ್ಟು ಹಸಿರಾಗಿ ಗಟ್ಟಿಯಾಗಬೇಕು. ತೊಟ್ಟುಗಳು ಹಳದಿಯಾದವು. ಬೆರಳು ತಾಗಿಸಿದರೆ ಉದುರಿದವು. ತನ್ನ ಕೈ ಒರಟಾಯಿತೇನೋ, ಪುಡಿ ಹಳೆಯದಾಯಿತೇನೋ ಎಂದುಕೊಂಡಳು. ತುದಿಯಲ್ಲಿ ಇನ್ನೂ ಐದಾರು ಮೊಗ್ಗುಗಳಿದ್ದವು. ಅವು ಅರಳುವ ದಿನ ಕುಂಚವನ್ನು ಡಬ್ಬಿಯಲ್ಲಿ ಹಾಕಿಕೊಂಡು, ತಾನೇ ಹೊಸ ಪುಡಿ ತೆಗೆಯಲೆಂದು ತಮ್ಮನ ಮನೆಗೆ ನಡೆದಳು.

ಬಾಗಿಲು ತೆಗೆದವಳು ನಾದಿನಿ. ಕೈಯೆಲ್ಲ ಸೋಪಿನ ನೊರೆ.

"ಅವರಿಲ್ಲ ಅತ್ತಿಗೆ. ಸಂಜೆ ಬನ್ನಿ."

"ಅವನ್ನ ಕಟ್ಕೊಂಡು ನನಗೇನು, ನನಗೆ ಹೂ ಸಾಕು. ಮೇಲೇ ಇದೆಯಲ್ಲ?"

"ಇರಿ ಅತ್ತಿಗೆ, ಅವರು ಬರ್ಲಿ" ಎಂದು ನಾದಿನಿ ಹಿಂದೆಯೇ ಬಂದಳು. ಮುಳ್ಳಕ್ಕ ಆಗಲೇ ಅರ್ಧ ಮೆಟ್ಟಿಲು ಏರಿದ್ದಳು.

ತಾರಸಿಯ ಮೂಲೆಯಲ್ಲಿ, ಅಪ್ಪ ಅಂದು ಕೊಟ್ಟ ಅದೇ ಕುಂಡ, ಬಾಯಿಯ ಅಂಚು ಒಂದು ಕಡೆ ಒಡೆದದ್ದು. ಅದರಲ್ಲಿ ಗಿಡ ಮುಷ್ಟಿ ಬಿಗಿದುಕೊಂಡು ಕೂತಿತ್ತು, ನಡುವೆ ಹೂವಿನ ಗೊನೆ. ಮುಳ್ಳಕ್ಕ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಎಲೆಯ ಬೆನ್ನ ಮೇಲಿನ ಒಂದೊಂದು ಹಲ್ಲಿನ ತುದಿಯೂ ಇಟ್ಟಿಗೆಯ ಕೆಂಪು.

ಹಿಂದಿನಿಂದ ನಾದಿನಿ ಹೇಳುತ್ತಿದ್ದಳು: "ಬಿಳೀದು ಐದಾರು ವರ್ಷದ ಹಿಂದೆ ಬೇಸಿಗೇಲಿ ಪೂರ್ತಿ ಮುದುಡಿಹೋಗಿತ್ತು ಅತ್ತಿಗೆ. ಮಾವ ಅಷ್ಟು ಪ್ರೀತಿಯಿಂದ ಕೊಟ್ಟಿದ್ದು, ಇವರಿಗೆ ನೋಡೋಕೆ ಪುರುಸೊತ್ತಿಲ್ಲ, ನಾನಾದ್ರೂ ನೋಡ್ಕೊಳ್ಳೋಣ ಅಂತ ದಿನಾ ಒಂದು ಚೊಂಬು ನೀರು ಹಾಕ್ದೆ. ಅದು ನಿದ್ದೆ ಮಾಡುತ್ತೆ ಅಂತ ನನಗೆ ಯಾರು ಹೇಳಿದ್ರು? ನಿಮ್ಮ ಮನೇಲಿ ಗಿಡದ ವಿಷಯ ನೀವು ನೀವೇ ಮಾತಾಡ್ಕೋತೀರಿ. ಎತ್ತಿದ್ರೆ ಬುಡ ಕೈಗೆ ಬಂತು, ಕೊಳೆತ ನಾತ. ಇವರು ಎರಡು ದಿನ ಊಟ ಮಾಡ್ಲಿಲ್ಲ."

ಗಾಡಿಯ ಸದ್ದಾಯಿತು. ತಮ್ಮ ಮೇಲೆ ಬಂದವನು ಅಕ್ಕನ ಕೈಲಿದ್ದ ಕುಂಚ ನೋಡಿದ, ಗಿಡ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಯಾರೂ ಏನೂ ಅನ್ನುವ ಮೊದಲೇ ಅವನ ಕೈ ಕುತ್ತಿಗೆಗೆ ಹೋಯಿತು.

"ಆಸ್ಪತ್ರೇಲಿ ನಾನಿದ್ದ ವಾರ ತಾನೇ" ಎಂದಳು ಮುಳ್ಳಕ್ಕ.

"ಹೂಂ."

"ಕೇಳ್ಬಹುದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಅವಳು ಕುಂಡದ ಒಡೆದ ಅಂಚನ್ನು ಬೆರಳಿನಿಂದ ಸವರಿದಳು.

"ಅಪ್ಪನ ಗಿಡ ಸತ್ತೋಯ್ತು ಅಂದಿದ್ರೆ ನೀನು ಸಾಯೋವರೆಗೂ ಕುಟುಕ್ತಿದ್ದೆ. ಸಂತೇಲಿ, ದಾರೀಲಿ, ಕಂಡೋರ ಮುಂದೆ. ಇವಳನ್ನಂತೂ ಜೀವಸಹಿತ ಬಿಡ್ತಿರ್ಲಿಲ್ಲ. ಖಾಲಿ ಕುಂಡ ಇಟ್ಕೊಂಡಿರೋದಕ್ಕಿಂತ ಇದು ವಾಸಿ ಅನ್ನಿಸ್ತು."

"ಇದರ ಪುಡಿ ಅದಕ್ಕೆ ಆಗಲ್ಲ ಅಂತ ಗೊತ್ತಿದ್ದೂ ತಂದುಕೊಟ್ಟೆ."

"ಗೊತ್ತಿತ್ತು. ಎಲ್ಲೋ ಒಂದು ಕಾಯಿ ಕಚ್ಚಿಬಿಟ್ರೆ ಅಂತಾನೂ ಇತ್ತು."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು. ಮುಳ್ಳಕ್ಕ ಕುಂಚವನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಅವಳಿಗೆ ಬೀಜದ ಯೋಚನೆ ಆಗಲೇ ಹಿಂದೆ ಬಿದ್ದಿತ್ತು. ಗೋಡೆಗೆ ಒರಗಿದ ಜರಡಿ ಕಣ್ಣ ಮುಂದಿತ್ತು.

"ಜರಡಿಯಮ್ಮನ್ನ ನಾನು ಕೇಳ್ವಾಗ ನೀನು ಅಲ್ಲೇ ಹಗ್ಗ ಕಟ್ತಾ ಇದ್ದೆ."

"ಹೋಗ್ಲಿ ಬಿಡು ಅಂದೆನಲ್ಲ."

"ಅಷ್ಟೇ ಅಂದೆ."

"ಅಷ್ಟಾದ್ರೂ ಅಂದೆ" ಎಂದ ತಮ್ಮ. "ಅವಳನ್ನ ಕಳಿಸಿದೋಳು ನೀನು ಅಕ್ಕ. ಅದನ್ನೂ ನನ್ನ ತಲೆಗೆ ಕಟ್ಬೇಡ."

ಅಂದು ರಾತ್ರಿ ನಿದ್ದೆ ಹತ್ತಲಿಲ್ಲವೆಂದು ಹೇಳುವ ಹಾಗಿಲ್ಲ, ದುಡಿದ ಮೈ ಮಲಗಿತು. ಬೆಳಿಗ್ಗೆ ಎದ್ದವಳು ಗಿಡದ ಬುಡದಲ್ಲಿದ್ದ ಹೊಸ ಮರಿಯನ್ನು ಬೆರಳಿನಿಂದಲೇ ಬಿಡಿಸಿ, ಇದ್ದುದರಲ್ಲಿ ಚಂದದ ಕುಂಡ ಆರಿಸಿ, ತಾನೇ ಜರಡಿ ಹಿಡಿದ ಮರಳು ಬೆರೆಸಿ ನೆಟ್ಟಳು. ಅವಳ ಬಳಿ ಅದಕ್ಕಿಂತ ಬೆಲೆಯ ವಸ್ತು ಇರಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದು ಬಾಟಲಿ ಗೋದಾಮಿನ ಬೀದಿಗೆ ಹೋದಳು.

ಜರಡಿಯಮ್ಮ ಗೋದಾಮಿನ ಹಿಂದಿನ ಅಂಗಳದಲ್ಲಿ ತೊಟ್ಟಿಯ ಮುಂದೆ ಕೂತಿದ್ದಳು. ಕಂದು ಬಣ್ಣದ ಬಾಟಲಿಗಳ ಗುಡ್ಡ ಒಂದು ಕಡೆ, ತೊಳೆದು ಬೋರಲು ಹಾಕಿದವು ಇನ್ನೊಂದು ಕಡೆ. ಕೈಬೆರಳ ಸಂದುಗಳು ನೀರಿನಲ್ಲಿ ನೆನೆದು ಬಿಳಿಚಿ ಬಿರಿದಿದ್ದವು. ಮುಳ್ಳಕ್ಕನನ್ನು ನೋಡಿ ಅವಳು ಏಳಲಿಲ್ಲ. ಕೂರಲು ಒಂದು ಖಾಲಿ ಕ್ರೇಟನ್ನು ಕಾಲಿನಿಂದ ಮುಂದೆ ತಳ್ಳಿದಳು.

ಮುಳ್ಳಕ್ಕ ಎಲ್ಲವನ್ನೂ ಹೇಳಿದಳು. ನೀರು ಹಾಕಿದ್ದು, ಗಿಡ ಸತ್ತದ್ದು, ತಮ್ಮ ಮರಿ ಕಿತ್ತದ್ದು. ಜರಡಿಯಮ್ಮ ಬಾಟಲಿಯೊಳಗೆ ಕುಂಚ ತಿರುಗಿಸುತ್ತಲೇ ಇದ್ದಳು.

"ಇದನ್ನ ನನಗ್ಯಾಕೆ ಹೇಳ್ತೀರಿ ಅಕ್ಕ? ನಾನು ತಗೊಂಡಿಲ್ಲ ಅನ್ನೋದು ನನಗೆ ಅವತ್ತೇ ಗೊತ್ತಿತ್ತು."

"ತಪ್ಪಾಯ್ತು ನಂದು. ನಾಳೆಯಿಂದ ಕೆಲಸಕ್ಕೆ ಬಾ. ನಿನ್ನ ಜರಡಿ ಯಾರ ಕೈಗೂ ಕೊಟ್ಟಿಲ್ಲ ನಾನು. ಇದನ್ನ ನೀನೇ ಇಟ್ಕೋ" ಎಂದು ಕುಂಡವನ್ನು ಮುಂದಿಟ್ಟಳು.

ಆಗ ಜರಡಿಯಮ್ಮ ಮೊದಲ ಬಾರಿ ಕೈ ನಿಲ್ಲಿಸಿದಳು. ಕುಂಡವನ್ನು ನೋಡಿ ನಕ್ಕಳು. ಸಿಟ್ಟಿನ ನಗುವಲ್ಲ, ಮಕ್ಕಳು ಏನೋ ಎಡವಟ್ಟು ಮಾಡಿದಾಗ ಬರುವ ನಗು.

"ಏನಕ್ಕ ನೀವು. ಕದ್ದೆ ಅಂದ ಗಿಡಾನೇ ತಂದು ನನ್ನ ಮನೆ ಕಿಟಕೀಲಿ ಇಡು ಅಂತೀರಲ್ಲ. ನೋಡಿದೋರು ಏನಂತಾರೆ? ಐದು ವರ್ಷ ಬಚ್ಚಿಟ್ಟು ಈಗ ಹೊರಗೆ ತೆಗೆದ್ಳು ಅನ್ನಲ್ವಾ?"

ಮುಳ್ಳಕ್ಕನಿಗೆ ಇದು ಹೊಳೆದೇ ಇರಲಿಲ್ಲ.

"ಅವತ್ತಿಂದ ನನ್ನ ಮಗಳು ಆ ಮಿಷಿನ್ನಿನ ಮೇಲೆ ಬಟ್ಟೆ ಮುಚ್ಚಿ ಇಡ್ತಾಳೆ. ಮನೆಗೆ ಯಾರಾದ್ರೂ ಬಂದ್ರೆ ಒಳಗೆ ಸರಿಸ್ತಾಳೆ. ಅವಳು ದುಡಿದು ತಗೊಂಡಿದ್ದು" ಎಂದಳು ಜರಡಿಯಮ್ಮ. "ನನಗೆ ಕೆಲಸ ಬೇಡ, ಗಿಡಾನೂ ಬೇಡ. ಅವತ್ತು ಗೇಟಲ್ಲಿ ನಿಂತಿದ್ರಲ್ಲ, ಅವರ ಮುಂದೆ ಹೇಳಿ. ಅವತ್ತು ಎಷ್ಟು ಗಟ್ಟಿಯಾಗಿ ಹೇಳಿದ್ರೋ ಅಷ್ಟೇ ಗಟ್ಟಿಯಾಗಿ. ಯಾರು ತಗೊಂಡ್ರು ಅಂತಾನೂ ಹೇಳಿ. ಇಲ್ದಿದ್ರೆ ಜನ ನಂಬಲ್ಲ. ಕಳ್ಳ ಸಿಗೋವರೆಗೂ ನಾನೇ ಕಳ್ಳಿ."

"ಹೇಳ್ತೀನಿ" ಎಂದಳು ಮುಳ್ಳಕ್ಕ. ಎದ್ದು ಕುಂಡ ಎತ್ತಿಕೊಂಡಳು. "ಈ ಸಂತೆಗೇ ಹೇಳ್ತೀನಿ."

ಸಂತೆಯ ದಿನ ಬಸ್ ನಿಲ್ದಾಣದ ಪಕ್ಕದ ಬಯಲಿನಲ್ಲಿ ಎಂದಿನಂತೆ ಗಾಡಿಗಳು ಸಾಲಾಗಿ ನಿಂತವು. ಅಂದು ಗೇಟಿನಲ್ಲಿ ನಿಂತವರಲ್ಲಿ ಬಹಳ ಮಂದಿ ಇದ್ದರು. ಗುಲಾಬಿಯವನು, ಬಳ್ಳಿಯವನು, ಹುಲ್ಲುಹಾಸು ಮಾರುವ ಮುದುಕ, ಗೊಬ್ಬರದಂಗಡಿಯ ಹೆಂಗಸು. ತಮ್ಮನೂ ಆಚೆ ಸಾಲಿನಲ್ಲಿ ಕುಂಡ ಇಳಿಸುತ್ತಿದ್ದ. ಜೊತೆಯಲ್ಲಿ ನಾದಿನಿಯಿದ್ದಳು. ಟೀಯ ಹೊತ್ತಿಗೆ ಎಲ್ಲರೂ ಒಂದು ಕಡೆ ಸೇರಿದಾಗ ಮುಳ್ಳಕ್ಕ ಲೋಟ ಕೆಳಗಿಟ್ಟು ಎದ್ದು ನಿಂತಳು.

"ಎಲ್ಲರೂ ಇದೀರಿ, ಒಂದು ಮಾತು. ಜರಡಿಯಮ್ಮ ನನ್ನ ಗಿಡ ಕದ್ದಿರ್ಲಿಲ್ಲ. ನಾನು ಸುಮ್ಮನೆ ಅವಳ ಮೇಲೆ ಹೊರಿಸ್ದೆ."

ಹುಲ್ಲುಹಾಸಿನ ಮುದುಕ ಟೀಯನ್ನು ಸದ್ದು ಮಾಡಿ ಹೀರಿದ.

"ಮತ್ತೆ ಯಾರು ತಗೊಂಡಿದ್ದು?" ಎಂದ ಗುಲಾಬಿಯವನು.

ಮುಳ್ಳಕ್ಕ ತಮ್ಮನ ಕಡೆ ನೋಡಿದಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಚಿಕ್ಕವನಿದ್ದಾಗ ಹಾಲಿನ ಲೋಟವನ್ನು ಹಾಗೇ ಹಿಡಿಯುತ್ತಿದ್ದ, ಎಲ್ಲಿ ಚೆಲ್ಲಿ ಬೈಸಿಕೊಳ್ಳುತ್ತೇನೋ ಎಂದು. ಬೈಯುತ್ತಿದ್ದವಳು ಅವಳೇ. ಅವನ ಹಿಂದೆ ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಇಷ್ಟು ವರ್ಷ ನಾಲಿಗೆಗೆ ಬಂದದ್ದನ್ನು ಹಿಂದೆಮುಂದೆ ನೋಡದೆ ಆಡಿದವಳು, ಮೊದಲ ಬಾರಿ ಮಾತನ್ನು ನುಂಗಿದಳು.

"ಯಾರೂ ಇಲ್ಲ. ಅದು... ಇಲಿಗಿಲಿ ಕಿತ್ತಿರ್ಬೇಕು. ಆಮೇಲೆ ಒಣಗಿದ್ದು ಸಿಕ್ತು, ಗೋಡೆ ಸಂದೀಲಿ."

"ಈಗ ಸಿಕ್ತಾ?" ಎಂದಳು ಗೊಬ್ಬರದಂಗಡಿಯವಳು.

"ಹೂಂ. ಈಗ."

"ಇಲಿ" ಎಂದು ಗುಲಾಬಿಯವನು ಬಳ್ಳಿಯವನ ಮುಖ ನೋಡಿದ. ಬಳ್ಳಿಯವನು ತುಟಿಯಂಚಿನಲ್ಲಿ ನಕ್ಕ. "ಅಕ್ಕ ವಯಸ್ಸಾಗ್ತಾ ಮೆತ್ತಗಾದ್ರು. ಪಾಪ, ಹಳೇ ಕೆಲಸದೋಳು, ಕ್ಷಮಿಸಿಬಿಟ್ರು ಅನ್ನಿ" ಎಂದು ಮುದುಕ ಲೋಟ ಕೊಡವಿ ಎದ್ದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆ ಮಾತು ಅಲ್ಲೇ ಉಳಿಯಿತು. ಮುಳ್ಳಕ್ಕ ಅದನ್ನು ತಿದ್ದಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗಿರಾಕಿಗಳು ಬಂದರು, ಜನ ಚದುರಿದರು.

ಸಂಜೆ ಉಳಿದ ಕುಂಡಗಳನ್ನು ಗಾಡಿಗೆ ಏರಿಸುವಾಗ ತಮ್ಮ ಆಚೆ ಸಾಲಿನಿಂದ ದಾಟಿ ಬಂದ. ಟ್ರೇಗಳನ್ನು ಎತ್ತಿಕೊಟ್ಟ. ಕೊನೆಗೆ ಹಗ್ಗ ಬಿಗಿದು ಗಂಟು ಹಾಕಿ, "ನಾಳೆ ಬರ್ತೀನಿ ಅಕ್ಕ, ಟೀಗೆ" ಎಂದ. ಅಪ್ಪ ಬೇಕೆಂದದ್ದು ಇಷ್ಟೇ ತಾನೇ.

"ಬಾ" ಎಂದಳು.

ಬಿಸಿಲು ಆಗಲೇ ಬಲಿಯುತ್ತಿತ್ತು. ಇನ್ನು ಕೆಲವೇ ದಿನ, ಆಮೇಲೆ ಆ ಜಾತಿಗೆ ನೀರು ನಿಲ್ಲಿಸಬೇಕು. ತಾಯಿಗಿಡ ಮಳೆಗಾಲ ಕಾಣುವುದಿಲ್ಲ, ಮರಿ ಕಂಡರೂ ಅದಕ್ಕೆ ಬೀಜವಿಲ್ಲ. ಬಯಲಿನಿಂದ ನರ್ಸರಿಗೆ ಹತ್ತಿರದ ದಾರಿ ಬಾಟಲಿ ಗೋದಾಮಿನ ಬೀದಿ. ತಿರುವಿನ ಬಳಿ ಗಾಡಿಯವನು ವೇಗ ತಗ್ಗಿಸಿ ಆ ಕಡೆ ಹೊರಳಿಸಿದ. ಬೀದಿಯ ತುದಿಯಲ್ಲಿ, ಕೆಲಸ ಬಿಟ್ಟ ಹೆಂಗಸರ ನಡುವೆ, ಒಬ್ಬಳು ಗೇಟಿನ ಕಂಬಕ್ಕೆ ಒರಗಿ ಸಂತೆಯ ಕಡೆಯೇ ನೋಡುತ್ತ ನಿಂತಿದ್ದಳು.

"ಈ ಕಡೆ ಬೇಡ" ಎಂದಳು ಮುಳ್ಳಕ್ಕ. "ಸುತ್ತು ದಾರೀಲಿ ಹೋಗು."

"ಸುತ್ತಲ್ಲಿ ಕತ್ತಲಾಗುತ್ತಲ್ಲಕ್ಕ."

"ಆಗ್ಲಿ. ಹೋಗು."